ಗಾಳಿಸುದ್ದಿಗೂ ಒಂದು ತಾರೀಖು ಇರುತ್ತದೆ

2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಗಲಾಟೆಯಾಯಿತು. ಅದೇ ಹೊತ್ತಿಗೆ ಒಬ್ಬ ಯುವಕ ಕಾಣೆಯಾದ. ಎರಡು ದಿನ ಕಳೆದು 8ರಂದು ಊರಿನ ಶೆಟ್ಟಿಕೆರೆಯಲ್ಲಿ ಅವನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದರಂತೆ, ಮೈಮೇಲೆ ಕುದಿಯುವ ಎಣ್ಣೆ ಸುರಿದರಂತೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ದಾಟಿ, ವಾರ ಮುಗಿಯುವುದರೊಳಗೆ ಕುಮಟಾದಲ್ಲಿ ಐಜಿಪಿಯವರ ಕಾರು ಸುಟ್ಟುಹೋಗಿತ್ತು, ಶಿರಸಿಯಲ್ಲಿ ಕಲ್ಲು ತೂರಾಟವಾಗಿತ್ತು. ಮೈಮೇಲೆ ಚಿತ್ರಹಿಂಸೆಯ ಗುರುತುಗಳಿಲ್ಲ ಎಂದು ಮಣಿಪಾಲದ ವಿಧಿವಿಜ್ಞಾನ ವೈದ್ಯರು ಪೊಲೀಸರ ಪ್ರಶ್ನೆಗಳಿಗೆ ಉತ್ತರಿಸಿದ್ದು ಅದೇ ತಿಂಗಳು. ಅಷ್ಟರಲ್ಲಿ ಕೇಳುವ ಕಿವಿಗಳು ಕಡಿಮೆಯಾಗಿದ್ದವು. ಪ್ರಕರಣ ಸಿಬಿಐಗೆ ಹೋಯಿತು, ಮಧ್ಯೆ ವಿಧಾನಸಭೆ ಚುನಾವಣೆ ಬಂದು ಹೋಯಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ನ್ಯಾಯಾಲಯಕ್ಕೆ ಕೊಟ್ಟ ವರದಿ, ಇದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂದಿತು. ಆ ವರದಿಯನ್ನು ಒಪ್ಪದವರು ಇಂದಿಗೂ ಇದ್ದಾರೆ. ಈ ಒಂದು ವಾರದ ಮೇಲೆ ಕಾದಂಬರಿ ಬರೆಯಲು ಹೊರಟವರು ಏನನ್ನು ಓದಬೇಕು, ಯಾರನ್ನು ಕೇಳಬೇಕು, ಕೇಳಿದ್ದರಲ್ಲಿ ಯಾವುದನ್ನು ಬಿಡಬೇಕು? ಕರಾವಳಿಯ ಕತೆಗಾರರಿಗೆ ಇವತ್ತಲ್ಲ ನಾಳೆ ಎದುರಾಗುವ ಪ್ರಶ್ನೆ ಇದು.

ಸಾಮಾನ್ಯವಾಗಿ ಇದಕ್ಕೆ ಸಿಗುವ ಉತ್ತರ ಎರಡೇ. ‘ಇಂಥದ್ದಕ್ಕೆಲ್ಲ ಕೈ ಹಾಕಬೇಡಿ’ ಎನ್ನುವುದು ಒಂದು. ‘ಕತೆ ಅಂದಮೇಲೆ ಕಲ್ಪನೆ ತಾನೆ, ಹೇಗೆ ಬೇಕಾದರೂ ಬರೆಯಿರಿ’ ಎನ್ನುವುದು ಇನ್ನೊಂದು. ಎರಡೂ ಸೋಮಾರಿತನದ ಉತ್ತರಗಳು. ಕಾದಂಬರಿಯೊಳಗಿನ ಜನ ವದಂತಿಯನ್ನು ನಂಬಬಹುದು, ನಂಬಲೇಬೇಕು. ಡಿಸೆಂಬರ್ 10ರ ರಾತ್ರಿ ಹೊನ್ನಾವರದ ಒಂದು ಮನೆಯ ಜಗಲಿಯಲ್ಲಿ ಕೂತ ಪಾತ್ರಕ್ಕೆ 2022ರ ವರದಿ ಗೊತ್ತಿರುವುದಿಲ್ಲ. ಗೊತ್ತಿದ್ದಂತೆ ಬರೆದರೆ ಅದು ಸುಳ್ಳು ಕಾದಂಬರಿ. ಆದರೆ ಪಾತ್ರ ನಂಬಿದ್ದನ್ನು ಕಾದಂಬರಿಯೂ ನಂಬಿಬಿಟ್ಟರೆ ಅದು ವದಂತಿಯ ಇನ್ನೊಂದು ಪ್ರತಿ, ಚೆನ್ನಾಗಿ ಮುದ್ರಿಸಿದ್ದು ಅಷ್ಟೆ. ಈ ಎರಡರ ನಡುವೆ ಅಂತರ ಕಾಯ್ದುಕೊಳ್ಳಬೇಕಾದರೆ ಯಾವ ಮಾತು ಯಾವ ದಿನ ಹುಟ್ಟಿತು, ಯಾವ ದಿನ ಅದನ್ನು ಯಾರು ಅಲ್ಲಗಳೆದರು, ಅಲ್ಲಗಳೆದದ್ದು ಯಾರಿಗೆ ತಲುಪಿತು, ಯಾರಿಗೆ ತಲುಪಲೇ ಇಲ್ಲ ಎಂಬ ಲೆಕ್ಕ ಬರೆಯುವವರ ಕೈಯಲ್ಲಿರಬೇಕು. ಸೂಕ್ಷ್ಮ ವಿಷಯದ ಸಂಶೋಧನೆ ಎಂದರೆ ಮುಕ್ಕಾಲು ಪಾಲು ಈ ತಾರೀಖುಗಳ ಪಟ್ಟಿಯೇ. ಯಾವುದೇ ಪಾತ್ರಕ್ಕಿಂತ ಲೇಖಕರಿಗೆ ಹೆಚ್ಚು ಗೊತ್ತಿರಬೇಕು. ಎಷ್ಟು ಹೆಚ್ಚು ಗೊತ್ತಿದೆಯೋ ಅಷ್ಟು ಕಡಿಮೆ ಹೇಳಿದರೂ ಕತೆ ನಿಲ್ಲುತ್ತದೆ.

ಇಲ್ಲಿ ದಾಖಲೆಗಳಿಗೆ ಬರವಿಲ್ಲ, ಅವುಗಳನ್ನು ಓದುವ ತಾಳ್ಮೆಗೆ ಇದೆ. ಭಟ್ಕಳದಲ್ಲಿ 1993ರ ಏಪ್ರಿಲಿನಲ್ಲಿ ಶುರುವಾದ ಗಲಭೆ ತಿಂಗಳುಗಟ್ಟಲೆ ನಡೆಯಿತು. ಅದರ ವಿಚಾರಣೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಕವಾಯಿತು. 1996ರ ಏಪ್ರಿಲಿನಲ್ಲಿ ಅಲ್ಲಿನ ಶಾಸಕ ಡಾ. ಯು. ಚಿತ್ತರಂಜನ್ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಕೊಂದವರು ಯಾರೆಂಬುದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. ಇಂಥ ಪ್ರಕರಣದ ಕಾಗದಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಓರೆನೋಟ ಇರುತ್ತದೆ. ಎಫ್‌ಐಆರ್ ಎಂದರೆ ದೂರು ಕೊಟ್ಟವರ ಮಾತು, ತೀರ್ಪಲ್ಲ. ದೋಷಾರೋಪ ಪಟ್ಟಿ ಪೊಲೀಸರು ಹೆಣೆದ ಕತೆ, ಅದು ನಿಜವಿರಬಹುದು, ಕೋರ್ಟಿನಲ್ಲಿ ಬಿದ್ದೂ ಹೋಗಬಹುದು. ಪತ್ರಿಕೆ ಎಫ್‌ಐಆರ್ ಅನ್ನು ಮುಖಪುಟದಲ್ಲಿ ಹಾಕಿ, ವರ್ಷಗಳ ಮೇಲೆ ಬಂದ ಖುಲಾಸೆಯನ್ನು ಒಳಪುಟದ ಮೂಲೆಗೆ ತಳ್ಳಿದ ಉದಾಹರಣೆಗಳು ಬೇಕಾದಷ್ಟಿವೆ. ಆಯೋಗದ ಕಡತದಲ್ಲಿ ಮಾತ್ರ ಒಂದು ವಿಶೇಷವಿದೆ. ಗೆದ್ದವರು, ಸೋತವರು, ಅಂಗಡಿ ಕಳಕೊಂಡವರು, ಪೊಲೀಸರು, ಎಲ್ಲರೂ ತಮ್ಮ ತಮ್ಮ ಬಾಯಲ್ಲಿ ಹೇಳಿದ್ದು ಒಂದೇ ಕಡೆ ಇರುತ್ತದೆ. ಒಂದೇ ಮೆರವಣಿಗೆ, ಒಂದೇ ತಿರುವು, ಹೇಳುವವರು ನಾಲ್ಕು ಜನ. ಕತೆಗಾರರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ಆಯೋಗದ ಶಿಫಾರಸು ಸರ್ಕಾರಕ್ಕೆ, ಸಾಕ್ಷ್ಯ ಸಾಹಿತ್ಯಕ್ಕೆ ಎಂದು ಹಂಚಿಕೊಂಡರೂ ತಪ್ಪಿಲ್ಲ.

ಗಲಭೆಯ ಕಡತ ಒಂದನ್ನೇ ಓದಿದವರಿಗೆ ಊರು ಗಲಭೆಯಾಗಿಯೇ ಕಾಣುತ್ತದೆ ಎನ್ನುವ ಅಪಾಯವೂ ಇದೆ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಭಟ್ಕಳದ ಅಂಜುಮನ್ ಸಂಸ್ಥೆ ಶುರುವಾದದ್ದು 1919ರಲ್ಲಿ. ಅದೇ ಪೇಟೆಯಲ್ಲಿ ಖೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ ಇದೆ, ಜಟ್ಟಪ್ಪ ನಾಯಕನ ಬಸದಿ ಇದೆ, ಕೊಂಕಣಿಗೆ ಹತ್ತಿರದ ನವಾಯತಿ ಮಾತಾಡುವ, ದುಡಿಮೆಗೆ ಗಲ್ಫಿಗೆ ಹೋದ ಗಂಡಸರ ಮನೆಗಳಿವೆ. ಇವು ಕತೆಗೆ ಅಲಂಕಾರವಲ್ಲ. ಏಳು ದಿನ ಅಂಗಡಿ ಮುಚ್ಚಿದರೆ ಯಾರ ಮನೆಯಲ್ಲಿ ಏನು ನಿಲ್ಲುತ್ತದೆ ಎಂದು ತಿಳಿಯಬೇಕಾದರೆ, ಮುಚ್ಚದ ದಿನ ಪೇಟೆ ಹೇಗಿರುತ್ತದೆ ಎಂದು ಮೊದಲು ಗೊತ್ತಿರಬೇಕು.

ಈಗ ಹೆಚ್ಚು ಜನ ಕೇಳುವ ಪ್ರಶ್ನೆಗೆ ಬರೋಣ. ಭಟ್ಕಳ ಎಂದ ಕೂಡಲೇ ಟಿವಿ ನೋಡುವ ದೇಶಕ್ಕೆ ನೆನಪಾಗುವುದು ಬಾಂಬು. 2013ರ ಫೆಬ್ರುವರಿಯಲ್ಲಿ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಸೈಕಲ್ಲುಗಳ ಮೇಲಿಟ್ಟ ಬಾಂಬು ಸಿಡಿದು ಜನ ಸತ್ತರು. ಯಾಸೀನ್ ಭಟ್ಕಳ ಎಂದು ಹೆಸರಾದವನನ್ನು ಅದೇ ವರ್ಷದ ಆಗಸ್ಟಿನಲ್ಲಿ ಬಂಧಿಸಿದರು, 2016ರ ಡಿಸೆಂಬರಿನಲ್ಲಿ ಎನ್‌ಐಎ ನ್ಯಾಯಾಲಯ ಅವನೂ ಸೇರಿ ಐವರಿಗೆ ಮರಣದಂಡನೆ ವಿಧಿಸಿತು. ಇಂಥ ವಸ್ತುವಿನ ಮೇಲೆ ಥ್ರಿಲ್ಲರ್ ಬರೆಯುವವರು ಸ್ಫೋಟಕ ಹೇಗೆ ತಯಾರಾಗುತ್ತದೆ ಎಂದು ಹುಡುಕದೆ ಬರೆಯಲಾದೀತೇ? ನನ್ನ ಮಟ್ಟಿಗೆ, ಹುಡುಕುವ ಅಗತ್ಯವೇ ಇಲ್ಲ. ಇದು ಪೊಲೀಸರ ಭಯದಿಂದ ಆಡುವ ಮಾತಲ್ಲ, ಕತೆಯ ದೃಷ್ಟಿಯಿಂದ ಆಡುವ ಮಾತು. ಆ ಸೈಕಲ್ಲು ಮಾರಿದವನು ಯಾರು, ಬಾಡಿಗೆಗೆ ಕೋಣೆ ಕೊಟ್ಟ ಮನೆಯೊಡತಿ ಆಮೇಲೆ ಎಷ್ಟು ಸಲ ಸಾಕ್ಷಿ ಹೇಳಲು ಹೋದಳು, ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ತಪ್ಪಿಗೆ ಬೇರೆ ಯಾವ ಹುಡುಗನಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಸಿಗಲಿಲ್ಲ, ಇವೇ ಕಾದಂಬರಿಯ ಪ್ರಶ್ನೆಗಳು. ಮೊದಲೆರಡಕ್ಕೆ ದಾರಿ ವಿಚಾರಣೆಯ ದಾಖಲೆಗಳಲ್ಲಿ ಸಿಗಬಹುದು. ಮೂರನೆಯದಕ್ಕೆ ಜನರ ಬಳಿಗೇ ಹೋಗಬೇಕು. ರಾಸಾಯನಿಕಗಳ ಪಟ್ಟಿಯಿಂದ ಯಾವುದಕ್ಕೂ ಉತ್ತರ ಬರುವುದಿಲ್ಲ.

ಇದಕ್ಕೆ ಎದುರಾಗಿ ಫ್ರೆಡರಿಕ್ ಫೋರ್ಸೈತ್‌ನ ಹೆಸರು ಹೇಳುವವರಿದ್ದಾರೆ. 1971ರ ‘ದಿ ಡೇ ಆಫ್ ದಿ ಜಾಕಲ್’ ಕಾದಂಬರಿಯಲ್ಲಿ, ಸತ್ತ ಮಗುವಿನ ಜನನ ಪ್ರಮಾಣಪತ್ರ ಪಡೆದು ಆ ಹೆಸರಿನಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸುವ ದಾರಿಯನ್ನು ಆತ ಬಿಡಿಸಿಟ್ಟ. ದಾರಿ ನಿಜದ್ದೇ. ಮುಂದೆ ದಶಕಗಳ ಕಾಲ ಮೋಸಗಾರರು ಅದನ್ನು ಬಳಸಿದರು, ಆ ಬಗೆಯ ವಂಚನೆಗೆ ಕಾದಂಬರಿಯ ಹೆಸರೇ ಅಂಟಿಕೊಂಡಿತು. ಪುಸ್ತಕ ಗೆದ್ದದ್ದು ಈ ವಿವರದಿಂದಲೇ ಅಲ್ಲವೇ ಎಂಬುದು ವಾದ. ಆದರೆ ಒಂದನ್ನು ಗಮನಿಸಿ. ಕಾದಂಬರಿಯ ಕೊಲೆಗಾರ ಗುರಿಯಿಟ್ಟ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಹತ್ಯೆಯಾಗಲಿಲ್ಲ ಎಂಬುದು ಮೊದಲ ಪುಟ ತೆರೆಯುವ ಮುಂಚೆಯೇ ಓದುಗರಿಗೆ ಗೊತ್ತು. ಗೊತ್ತಿದ್ದೂ ಪುಸ್ತಕ ಕೆಳಗಿಡಲಾಗುವುದಿಲ್ಲ. ಹಿಡಿದಿಡುವುದು ಗುಟ್ಟಲ್ಲ, ಬೆನ್ನಟ್ಟುವ ಪೊಲೀಸ್ ಅಧಿಕಾರಿಯ ತಾಳ್ಮೆ ಮತ್ತು ಕೊಲೆಗಾರನ ತಾಳ್ಮೆ, ಎರಡರ ಪೈಪೋಟಿ. ಪಾಸ್‌ಪೋರ್ಟಿನ ದಾರಿಯಲ್ಲಿ ಒಂದು ಮೆಟ್ಟಿಲನ್ನು ತಪ್ಪಾಗಿ ಬರೆದಿದ್ದರೂ ಕಾದಂಬರಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರನ್ನು ನೋಡಬಹುದು. ವೃತ್ತಿಯಿಂದ ಅವರು ಪಾಲಿಮರ್ ತಂತ್ರಜ್ಞರು, ರಾಸಾಯನಿಕ ಉದ್ಯಮದ ಒಳಹೊರಗು ಬಲ್ಲವರು. 1979ರ ‘ಶಿಕಾರಿ’ ನಡೆಯುವುದು ಅಂಥ ಕಂಪನಿಯ ಜಗತ್ತಿನಲ್ಲೇ. ಅದನ್ನು ಓದಿ ಮುಗಿಸಿದವರು ಒಂದು ರಾಸಾಯನಿಕ ಸೂತ್ರವನ್ನೂ ಕಲಿಯುವುದಿಲ್ಲ, ನಾಗಪ್ಪನ ಭಯವನ್ನು ಮರೆಯುವುದೂ ಇಲ್ಲ. ಬಲ್ಲವರು ಏನನ್ನು ಬಿಟ್ಟರು ಎಂಬುದನ್ನು ನೋಡಿ ಕಲಿಯಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ತೋಚದು. ಆತ್ಮಹತ್ಯೆಯ ವಿಷಯದಲ್ಲಂತೂ ಇದು ಬರೀ ಅಭಿರುಚಿಯ ಮಾತಾಗಿ ಉಳಿದಿಲ್ಲ. ವಿಧಾನವನ್ನು ಬಿಡಿಸಿ ಹೇಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಪತ್ರಕರ್ತರಿಗೆ ಮಾತ್ರವಲ್ಲ, ಸಿನಿಮಾ ಮಾಡುವವರಿಗೂ ಸೂಚನೆ ಬರೆದಿದೆ.

ಇಂಥ ತಾಂತ್ರಿಕ ವಿವರಕ್ಕಿಂತ ಹೆಚ್ಚು ಅಪಾಯದ ಸರಕು ಬೇರೆಯೇ ಇದೆ: ಬದುಕಿರುವವರ ಗುರುತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ, ಹೋರಾಟದಲ್ಲಿದ್ದವರ ಮೇಲೆ ಕೇಸುಗಳೂ ಬಿದ್ದಿವೆ. ಅಲ್ಲಿಗೆ ಹೋಗಿ ‘ಕತೆಗಾಗಿ’ ಎಂದು ಒಬ್ಬರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ, ಆ ರೆಕಾರ್ಡಿಂಗ್ ಅಂದಿನಿಂದ ಒಂದು ದಾಖಲೆ. ತನಿಖೆಗೆ ಬೇಕಾದ ವಸ್ತುವನ್ನು ಹಾಜರುಪಡಿಸಿ ಎಂದು ಕೇಳುವ ಅಧಿಕಾರವನ್ನು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮು ಪೊಲೀಸರಿಗೆ ಕೊಡುತ್ತದೆ. ಮಾಹಿತಿ ಕೊಟ್ಟವರ ಹೆಸರು ಮುಚ್ಚಿಡುವ ಕಾನೂನಿನ ರಕ್ಷಣೆ ನಮ್ಮ ದೇಶದಲ್ಲಿ ಪತ್ರಕರ್ತರಿಗೇ ಗಟ್ಟಿಯಾಗಿಲ್ಲ, ಕಾದಂಬರಿಕಾರರಿಗೆ ಎಲ್ಲಿಂದ ಬರಬೇಕು? ಹಾಗಾಗಿ ಕೆಲವು ಸಂಗತಿಗಳನ್ನು ಬರೆದುಕೊಳ್ಳದೆ ಕೇಳುವುದೇ ಲೇಸು. ಯಾರು ಎಲ್ಲಿ ನಿಂತಿದ್ದರು ಎಂಬುದು ಕತೆಗೆ ಬೇಡ. ಬೆಳಗಿನ ಜಾವ ಪೊಲೀಸ್ ವ್ಯಾನು ಬಂದಾಗ ಮೀನು ಒಣಗಿಸುವ ಜಾಗದಲ್ಲಿ ಹೆಂಗಸರು ಏನು ಮಾತಾಡಿಕೊಂಡರು ಎಂಬುದು ಬೇಕು, ಅದಕ್ಕೆ ಹೆಸರಿನ ಹಂಗಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ವಿಷಯದಲ್ಲಿ ಕಾನೂನೇ ಗೆರೆ ಎಳೆದಿದೆ. ನ್ಯಾಯ ಸಂಹಿತೆಯ 72ನೇ ಕಲಮು, ಮಕ್ಕಳಾದರೆ ಪೋಕ್ಸೊದ 23ನೇ ಕಲಮು, ಹೆಸರನ್ನಷ್ಟೇ ಅಲ್ಲ, ಗುರುತು ಹತ್ತುವಂಥ ವಿವರವನ್ನೂ ತಡೆಯುತ್ತವೆ. ಮಾತಾಡಲು ಒಪ್ಪಿದವರು ನಾಳೆ ಬೇಡ ಎನ್ನಬಹುದು, ಆಗ ಕತೆಯ ಒಳ್ಳೆಯ ಅಧ್ಯಾಯವೊಂದು ಹೋಗಬಹುದು. ಹೋಗಲಿ.

ಇಷ್ಟೆಲ್ಲ ಕಟ್ಟಳೆ ಹಾಕಿಕೊಂಡರೆ ಕೊನೆಗೆ ಬರೆಯುವುದೇನು, ಇದು ಹೊಣೆಗಾರಿಕೆಯ ಹೆಸರಿನ ಹೆದರಿಕೆಯಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ಸಂಶೋಧನೆ ಲೇಖಕರನ್ನು ಕಾಪಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ರಾಜ್ಯದ ಪ್ರಶಸ್ತಿ ಪಡೆದಿದ್ದ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು 1997ರಲ್ಲಿ ಅದೇ ರಾಜ್ಯ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ವಿದ್ವತ್ತು ಇದ್ದರೂ ಪುಸ್ತಕ ನಿಷೇಧವಾಗಬಹುದು, ಇಲ್ಲದಿದ್ದರೂ ಸನ್ಮಾನವಾಗಬಹುದು. ಯಾರಿಗೆ ನೋವಾಗುತ್ತದೆ ಎಂದು ಲೆಕ್ಕ ಹಾಕುವುದು ಬೇರೆ, ಯಾರಿಗೆ ಅಪಾಯವಾಗುತ್ತದೆ ಎಂದು ಲೆಕ್ಕ ಹಾಕುವುದು ಬೇರೆ. ಮೊದಲನೆಯದಕ್ಕೆ ಅಂಜಿ ಕೂತರೆ ಸಾಹಿತ್ಯವೇ ಇರುವುದಿಲ್ಲ, ಎರಡನೆಯದನ್ನು ಕೇಳಿಕೊಳ್ಳದೆ ಬರೆದರೆ ಬೆಲೆ ತೆರುವವರು ಬೇರೆಯವರು. ನಿರಂಜನರು ‘ಚಿರಸ್ಮರಣೆ’ ಬರೆದದ್ದು 1955ರಲ್ಲಿ. ಕಯ್ಯೂರಿನ ನಾಲ್ವರು ರೈತರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿ ಆಗ ಹನ್ನೆರಡೇ ವರ್ಷವಾಗಿತ್ತು, ಎರಡೂ ಕಡೆಯವರು ಬದುಕಿದ್ದರು. ನಿರಂಜನರು ಅಪ್ಪು, ಚಿರುಕಂಡ ಎಂಬ ಹುತಾತ್ಮರ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡರು, ಅವರ ಸುತ್ತಲಿನ ಬದುಕನ್ನು ಕಾದಂಬರಿಯಾಗಿ ಕಟ್ಟಿದರು. ಊರು ಹಾಡಿ ಹೊಗಳುತ್ತಿದ್ದ ಹೆಸರನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಪೊಲೀಸರ ಅಟ್ಟಹಾಸ, ಜಮೀನ್ದಾರರ ದರ್ಪ ಯಾವುದನ್ನೂ ಮೆತ್ತಗೆ ಮಾಡಲೂ ಇಲ್ಲ. ಆ ಕಾದಂಬರಿ ಮಲಯಾಳಕ್ಕೆ ಹೋಗಿ ಕಯ್ಯೂರಿನ ಸುತ್ತಲಿನವರೇ ಅದನ್ನು ತಮ್ಮದೆಂದು ಓದಿದರು. ಬರೆಯಿಸಿಕೊಂಡವರೇ ಓದುಗರಾಗುವುದು ಎಲ್ಲ ಪುಸ್ತಕಕ್ಕೂ ಒದಗುವ ಭಾಗ್ಯವಲ್ಲ.

ಹೊನ್ನಾವರದ ಆ ವಾರವನ್ನು ಬರೆಯುವವರಿಗೆ ಈ ಅನುಕೂಲವಿಲ್ಲ. ಅಲ್ಲಿ ಹುತಾತ್ಮನೆಂದು ಒಂದು ಪಕ್ಷ ಕರೆಯುವ ಹುಡುಗ ಇನ್ನೊಂದು ಕಡತದಲ್ಲಿ ಆಕಸ್ಮಿಕ ಸಾವು; ಅವನ ಮನೆಯವರಿದ್ದಾರೆ, ಆರೋಪ ಹೊತ್ತು ವರ್ಷಗಟ್ಟಲೆ ಕೋರ್ಟಿಗೆ ಅಲೆದವರ ಮನೆಯವರೂ ಅದೇ ಪೇಟೆಯಲ್ಲಿ ಸಾಮಾನು ತರುತ್ತಾರೆ. ಹೊನ್ನಾವರವನ್ನು ‘ಹೊಳೆಪಟ್ಟಣ’ ಎಂದು ಬದಲಿಸಿ ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಶರಾವತಿಯ ಸೇತುವೆ, ಕೆರೆ, ಸುಟ್ಟ ಕಾರು ಮೂರೂ ಇದ್ದರೆ ಕುಮಟಾದ ಬಸ್ ನಿಲ್ದಾಣದಲ್ಲಿ ಪುಸ್ತಕ ತೆರೆದವರಿಗೆ ಎರಡನೇ ಪುಟದಲ್ಲೇ ಊರು ಗೊತ್ತಾಗುತ್ತದೆ. ಬದಲಿಸಬೇಕಾದದ್ದು ಊರಿನ ಹೆಸರಲ್ಲ. ಮನೆಯಲ್ಲಿ ಎಷ್ಟು ಜನ, ತಂದೆಗೆ ಏನು ಕೆಲಸ, ಅಕ್ಕ ಇದ್ದಳೋ ತಮ್ಮನೋ, ಕೊನೆಯ ಸಲ ಫೋನ್ ಮಾಡಿದ್ದು ಯಾರಿಗೆ, ಇವನ್ನು ಬದಲಿಸಬೇಕು. ಹಾಗೆ ಬದಲಿಸುತ್ತ ಹೋದಾಗ ಪಾತ್ರಕ್ಕೆ ತನ್ನದೇ ಅಪ್ಪ, ತನ್ನದೇ ದೋಣಿ, ತನ್ನದೇ ಸಾಲ ಹುಟ್ಟಿಕೊಳ್ಳುತ್ತದೆ, ಕಾದಂಬರಿ ಶುರುವಾಗುವುದೂ ಅಲ್ಲಿಂದಲೇ. ಊರಿನ ಹೆಸರು ಹೊನ್ನಾವರ ಎಂದೇ ಇರಲಿ, ತಾರೀಖುಗಳೂ ಇದ್ದ ಹಾಗೆಯೇ ಇರಲಿ.