ಕೊರಳಿಲ್ಲದ ಗಾಯಕಿ

ಹಾಡು ಎಂದೊಡನೆ ಹಾಡುವವರೊಬ್ಬರ ಮುಖವು ಕಣ್ಣ ಮುಂದೆ ಬಂದು ನಿಲ್ಲುವುದು ಲೋಕರೂಢಿ. ತೊಟ್ಟಿಲು ತೂಗುವ ತಾಯಿಯಾಗಲಿ, ಬೀಸುವ ಕಲ್ಲಿನ ಮುಂದೆ ಕುಳಿತ ಅಜ್ಜಿಯಾಗಲಿ, ಸಭೆಯಲ್ಲಿ ತಂಬೂರಿ ಹಿಡಿದ ವಿದ್ವಾಂಸರಾಗಲಿ, ಕಂಠದ ಹಿಂದೆ ಒಂದು ಎದೆಯುಂಟೆಂದು ನಂಬಿಯೇ ನಾವು ಕಿವಿಗೊಡುವೆವು. ಹೀಗಿರಲು, ಎದೆಯಿಲ್ಲದ, ಉಸಿರಿಲ್ಲದ, ಎಂದೂ ಹುಟ್ಟದ ಒಬ್ಬ ಗಾಯಕಿಯ ಹಾಡುಗಳನ್ನು ನಾವು ಅನೇಕ ವರ್ಷಗಳಿಂದ ಅಕ್ಕರೆಯಿಂದ ಕೇಳುತ್ತ ಬಂದಿರುವೆವೆಂದರೆ ವಾಚಕರು ಹುಬ್ಬೇರಿಸುವುದು ಸಹಜವೇ ಸರಿ. ಆ ಗಾಯಕಿಯ ಹೆಸರು ಹತ್ಸುನೆ ಮಿಕು. ಅವಳ ತೌರು ಜಪಾನು. ಅವಳನ್ನು ಕುರಿತು ನಾಲ್ಕು ಮಾತು ಹೇಳುವುದೂ, ಯಂತ್ರದ ಕಂಠವನ್ನು ಮನುಷ್ಯನು ಪ್ರೀತಿಸುವುದು ಸಾಧ್ಯವೇ, ಸಾಧ್ಯವಾದರೆ ಆ ಪ್ರೀತಿಯು ಯಾರಿಗೆ ಸಲ್ಲುವುದು ಎಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ಯಂತ್ರದ ಬಾಯಿಂದ ಮಾತು ಹೊರಡಿಸಬೇಕೆಂಬ ಆಸೆಯು ಇಂದು ನಿನ್ನೆಯದಲ್ಲ. ಹಂಗೆರಿಯ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತನು ತಿದಿ ಮತ್ತು ಕೊಳವೆಗಳಿಂದ ಮಾತನಾಡುವ ಯಂತ್ರವೊಂದನ್ನು ನಿರ್ಮಿಸಿ, ಅದರ ವಿವರವನ್ನು ೧೭೯೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ೧೯೩೯ರ ನ್ಯೂಯಾರ್ಕ್ ಜಾಗತಿಕ ಪ್ರದರ್ಶನದಲ್ಲಿ ಬೆಲ್ ಪ್ರಯೋಗಶಾಲೆಯ ಹೋಮರ್ ಡಡ್ಲಿ ಎಂಬವರು ರಚಿಸಿದ ‘ವೋಡರ್’ ಯಂತ್ರವನ್ನು, ಅದಕ್ಕಾಗಿಯೇ ಶಿಕ್ಷಣ ಪಡೆದ ಯುವತಿಯರು ಹಾರ್ಮೋನಿಯಂ ನುಡಿಸುವಂತೆ ಕೀಲಿಗಳನ್ನೊತ್ತಿ ಮಾತನಾಡಿಸಿದರು. ೧೯೬೧ರಲ್ಲಿ ಅದೇ ಪ್ರಯೋಗಶಾಲೆಯ ಜಾನ್ ಕೆಲಿ ಮತ್ತು ಕ್ಯಾರಲ್ ಲಾಕ್‌ಬಾಮ್ ಎಂಬವರು ಗಣಕಯಂತ್ರದಿಂದ ‘ಡೇಸಿ ಬೆಲ್’ ಎಂಬ ಹಳೆಯ ಇಂಗ್ಲಿಷ್ ಹಾಡನ್ನು ಹಾಡಿಸಿದರು. ಮ್ಯಾಕ್ಸ್ ಮ್ಯಾಥ್ಯೂಸ್ ಎಂಬವರು ಅದಕ್ಕೆ ಯಂತ್ರದಿಂದಲೇ ಪಕ್ಕವಾದ್ಯವನ್ನು ಒದಗಿಸಿದರು. ಇವೆಲ್ಲವೂ ಅಚ್ಚರಿಯ ವಸ್ತುಗಳಾದುವೇ ಹೊರತು ಅಕ್ಕರೆಯ ವಸ್ತುಗಳಾಗಲಿಲ್ಲ.

೨೦೦೦ದ ಮಾರ್ಚ್ ತಿಂಗಳಲ್ಲಿ ಜಪಾನಿನ ಯಮಾಹಾ ಸಂಸ್ಥೆಯ ಕೆನ್‌ಮೊಚಿ ಹಿದೆಕಿ ಎಂಬ ತಜ್ಞರು, ಸ್ಪೇನಿನ ಬಾರ್ಸಿಲೋನಾ ನಗರದ ಪೊಂಪೆವು ಫಾಬ್ರ ವಿಶ್ವವಿದ್ಯಾನಿಲಯದ ಸಹಕಾರದೊಡನೆ, ಹಾಡುವ ಕಂಠವನ್ನೇ ಗಣಕದೊಳಗೆ ಕಟ್ಟುವ ಕಾರ್ಯವನ್ನು ಆರಂಭಿಸಿದರು. ಅದರ ಫಲವೇ ‘ವೋಕಲಾಯ್ಡ್’. ಇದರ ಕೆಲಸವನ್ನು ತಿಳಿಯಲು ನಮ್ಮ ವ್ಯಾಕರಣದ ಸಂಧಿಪ್ರಕರಣವನ್ನು ನೆನೆದರೆ ಸಾಕು. ಮೊದಲು ಮನುಷ್ಯರೊಬ್ಬರಿಂದ ಅರ್ಥವಿಲ್ಲದ ಅಕ್ಷರಸಮೂಹಗಳನ್ನು ಒಂದೇ ಶ್ರುತಿಯಲ್ಲಿ ಹಾಡಿಸಿ ಮುದ್ರಿಸಿಕೊಳ್ಳುವರು. ಬಳಿಕ ಒಂದು ವರ್ಣದಿಂದ ಇನ್ನೊಂದಕ್ಕೆ ನಾಲಗೆ ಹೊರಳುವ ಆ ಕೂಡುತಾಣಗಳನ್ನು ತುಣುಕು ತುಣುಕಾಗಿ ಬೇರ್ಪಡಿಸಿ ಭಂಡಾರದಲ್ಲಿಡುವರು. ಜಪಾನೀ ಭಾಷೆಗೆ ಒಂದೊಂದು ಶ್ರುತಿಗೂ ಇಂತಹ ಸುಮಾರು ೫೦೦ ತುಣುಕುಗಳು ಸಾಕಾದರೆ, ಇಂಗ್ಲಿಷಿಗೆ ಸುಮಾರು ೨,೫೦೦ ಬೇಕಾಗುವುವು. ಜಪಾನಿನ ಅಕ್ಷರಗಳು ನಮ್ಮ ಕಾಗುಣಿತದಂತೆ ವ್ಯಂಜನಕ್ಕೊಂದು ಸ್ವರವನ್ನು ಕೂಡಿಸಿಕೊಂಡಿರುವುದೇ ಇದಕ್ಕೆ ಕಾರಣ. ಆ ಅಕ್ಷರಗಳ ಐವತ್ತು ಮನೆಗಳ ಕೋಷ್ಟಕದ ಕ್ರಮವು ಬೌದ್ಧ ಭಿಕ್ಷುಗಳು ಅಭ್ಯಾಸಮಾಡಿದ ಸಂಸ್ಕೃತ ವರ್ಣಮಾಲೆಯಿಂದ ಹೊರಟುದೆಂಬುದು ನಮ್ಮವರಿಗೆ ಸಂತೋಷದ ಸಂಗತಿ. ಇನ್ನು ಹಾಡು ಕಟ್ಟುವವನು ಗಣಕದ ತೆರೆಯ ಮೇಲೆ ಸ್ವರಗಳನ್ನು ಇಟ್ಟಿಗೆಗಳಂತೆ ಹೂಡಿ, ಒಂದೊಂದು ಇಟ್ಟಿಗೆಯ ಮೇಲೂ ಸಾಹಿತ್ಯದ ಒಂದೊಂದು ಅಕ್ಷರವನ್ನು ಬರೆಯುವನು. ಯಂತ್ರವು ತಕ್ಕ ತುಣುಕುಗಳನ್ನು ಆರಿಸಿ, ಎಳೆದು, ಏರಿಸಿ, ಇಳಿಸಿ, ಬೆಸುಗೆ ಕಾಣದಂತೆ ಬೆಸೆಯುವುದು.

ಈ ಬಗೆಯ ಮೊದಲ ಕಂಠಗಳಾದ ಲಿಯಾನ್ ಮತ್ತು ಲೋಲಾ ೨೦೦೪ರ ಜನವರಿಯಲ್ಲಿ ಇಂಗ್ಲೆಂಡಿನ ವ್ಯಾಪಾರಸಂಸ್ಥೆಯೊಂದರ ಮೂಲಕ ಮಾರಾಟಕ್ಕೆ ಬಂದುವು. ಅದೇ ವರ್ಷ ಜಪಾನಿನ ಉತ್ತರದ್ವೀಪವಾದ ಹೊಕ್ಕೈದೋವಿನ ಸಪ್ಪೊರೊ ನಗರದ ‘ಕ್ರಿಪ್ಟನ್ ಫ್ಯೂಚರ್ ಮೀಡಿಯ’ ಎಂಬ ಸಂಸ್ಥೆಯು ಮೆಯ್ಕೊ ಎಂಬ ಜಪಾನೀ ಕಂಠವನ್ನು ಹೊರತಂದಿತು. ಕೊನೆಗೆ ೨೦೦೭ರ ಆಗಸ್ಟ್ ೩೧ರಂದು ಅದೇ ಸಂಸ್ಥೆಯಿಂದ ಹತ್ಸುನೆ ಮಿಕು ಹೊರಬಂದಳು. ‘ಹತ್ಸು’ ಎಂದರೆ ಮೊದಲು, ‘ನೆ’ ಎಂದರೆ ನಾದ, ‘ಮಿಕು’ ಎಂದರೆ ಭವಿಷ್ಯ. ಭವಿಷ್ಯದ ಮೊದಲ ನಾದವೆಂಬುದು ಅವಳ ಹೆಸರಿನ ಅರ್ಥ. ಫುಜಿತಾ ಸಕಿ ಎಂಬ ಕಂಠಾಭಿನೇತ್ರಿಯು ತನ್ನ ಧ್ವನಿಯನ್ನು ಆಕೆಗೆ ಎರವಲಿತ್ತಳು. ಕೆಯ್ ಎಂಬ ಚಿತ್ರಕಾರನು ರೂಪವನ್ನಿತ್ತನು. ನೆಲ ಮುಟ್ಟುವಂತಿರುವ ನೀಲಿಹಸುರು ಬಣ್ಣದ ಎರಡು ಜಡೆಗಳು, ವಯಸ್ಸು ೧೬, ಎತ್ತರ ೧೫೮ ಸೆಂಟಿಮೀಟರು: ಇಷ್ಟೇ ಅವಳ ಜಾತಕ. ಅವಳಿಗೆ ಪೂರ್ವಕಥೆಯಿಲ್ಲ, ತಂದೆತಾಯಿಗಳಿಲ್ಲ, ಸ್ವಭಾವವನ್ನೂ ಯಾರೂ ಗೊತ್ತುಮಾಡಲಿಲ್ಲ. ಆ ಬರಿಯ ತಾಣವೇ ಅವಳ ಭಾಗ್ಯವಾಯಿತು.

ಅದು ಹೇಗೆಂದರೆ, ಅವಳನ್ನು ಕೊಂಡವರೆಲ್ಲರೂ ಹೆಸರಾಂತ ಸಂಗೀತಗಾರರಾಗಿರಲಿಲ್ಲ. ಮಲಗುವ ಕೋಣೆಯ ಮೂಲೆಯಲ್ಲಿ ಗಣಕವೊಂದನ್ನಿಟ್ಟುಕೊಂಡು ಕುಳಿತ ವಿದ್ಯಾರ್ಥಿಗಳು, ಕೆಲಸದಿಂದ ದಣಿದು ಮನೆಗೆ ಬಂದ ಗುಮಾಸ್ತರು, ಮನಸ್ಸಿನಲ್ಲಿ ರಾಗವಿದ್ದೂ ಹಾಡಲು ಕೊರಳಿಲ್ಲದವರು, ಕೊರಳಿದ್ದೂ ನಾಚಿಕೆಯಿಂದ ಬಾಯಿ ತೆರೆಯದವರು, ಇಂತಹರೇ ಅನೇಕರು. ಮಾರಾಟವಾದ ಮರುತಿಂಗಳೇ ಫಿನ್ಲೆಂಡಿನ ಹಳೆಯ ಜನಪದ ಹಾಡೊಂದನ್ನು ಯಾರೋ ಅವಳಿಂದ ಹಾಡಿಸಿದರು. ಜೊತೆಯ ಚಿತ್ರದಲ್ಲಿ ಅವಳು ಈರುಳ್ಳಿಯ ಜಾತಿಯದೊಂದು ಉದ್ದನೆಯ ಕಾಂಡವನ್ನು ಬೀಸುತ್ತಿದ್ದಳು. ಆ ಸೊಪ್ಪಿನ ಕಾಂಡವು ಅಂದಿನಿಂದ ಅವಳ ಲಾಂಛನವೇ ಆಗಿಹೋಯಿತು. ಡಿಸೆಂಬರಿನಲ್ಲಿ ರ್‍ಯೋ ಎಂಬಾತನು ರಚಿಸಿದ ‘ಮೆಲ್ಟ್’ ಎಂಬ ಹಾಡು ಬಂದಿತು. ಒಲಿದವನೊಡನೆ ಒಂದೇ ಕೊಡೆಯ ಕೆಳಗೆ ನಡೆಯುವ ಹುಡುಗಿಯ ಎದೆಬಡಿತವೇ ಅದರ ವಸ್ತು. ಯಂತ್ರವು ಹಾಡಿದ ಆ ಹಾಡನ್ನು ಕೇಳಿ ಮನುಷ್ಯರು ತಾವೂ ಹಾಡತೊಡಗಿದರೆಂಬುದು ಗಮನಿಸತಕ್ಕ ವಿಷಯ. ಸಂಸ್ಥೆಯವರೂ ವಿವೇಕದಿಂದ ನಡೆದುಕೊಂಡರು. ಅವಳ ಚಿತ್ರವನ್ನು ಬರೆದವರ ಮೇಲೆಲ್ಲ ವ್ಯಾಜ್ಯ ಹೂಡದೆ, ಲಾಭಕ್ಕಲ್ಲದೆ ಮಾಡುವ ಕೃತಿಗಳಿಗೆ ಅನುಮತಿಯಿತ್ತು, ಒಬ್ಬರು ಬರೆದುದನ್ನು ಇನ್ನೊಬ್ಬರು ಮುಂದುವರಿಸಲೆಂದು ಅದೇ ಡಿಸೆಂಬರಿನಲ್ಲಿ ‘ಪಿಯಾಪ್ರೊ’ ಎಂಬ ತಾಣವನ್ನು ತೆರೆದರು. ಒಬ್ಬನು ರಾಗ ಕಟ್ಟಿದರೆ ಎಲ್ಲಿಯೋ ಇರುವ ಇನ್ನೊಬ್ಬಳು ಚಿತ್ರ ಬರೆದಳು. ಮತ್ತೊಬ್ಬನು ಅದಕ್ಕೆ ಚಲನೆಯನ್ನಿತ್ತನು. ಬೀಸುವ ಪದಗಳನ್ನು ಊರೆಲ್ಲ ಸೇರಿ ಕಟ್ಟಿದಂತೆ ಇವಳನ್ನು ಲೋಕವೇ ಸೇರಿ ಕಟ್ಟಿತು.

‘ಇದೆಲ್ಲ ಸರಿ, ಆದರೆ ಯಂತ್ರದ ಹಾಡಿನಲ್ಲಿ ಜೀವವೆಲ್ಲಿ?’ ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಇದಕ್ಕೆ ಉತ್ತರವು ಜಪಾನಿನ ಹಳೆಯ ಕಲೆಯೊಂದರಲ್ಲಿಯೇ ಇರುವುದೆಂದು ನಮ್ಮ ಅಭಿಪ್ರಾಯ. ಅಲ್ಲಿಯ ‘ಬುನ್‌ರಾಕು’ ಎಂಬ ಗೊಂಬೆಯಾಟದಲ್ಲಿ ಒಂದು ಮುಖ್ಯ ಗೊಂಬೆಯನ್ನು ಮೂವರು ಆಡಿಸುವರು. ಅವರು ಮರೆಯಲ್ಲಿ ಅಡಗುವುದಿಲ್ಲ; ಪ್ರೇಕ್ಷಕರ ಕಣ್ಣೆದುರಿಗೇ ನಿಂತಿರುವರು. ಪಕ್ಕದಲ್ಲಿ ಕುಳಿತ ಕಥನಕಾರನೊಬ್ಬನು ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುವನು. ಮರದ ಮುಖವೆಂದು ಬಲ್ಲ ಜನರೇ ಆ ಗೊಂಬೆಯ ಶೋಕಕ್ಕೆ ಕಣ್ಣೀರಿಡುವರು. ನಮ್ಮ ಸೂತ್ರದ ಗೊಂಬೆಯಾಟವನ್ನು ಕಂಡವರಿಗೂ ಇದು ಹೊಸತಲ್ಲ. ಅಲ್ಲಿಯೂ ಗೊಂಬೆಯು ಕುಣಿಯುವುದು, ಭಾಗವತನು ಹಾಡುವನು, ಅಳುವವರು ನಾವು. ಜೀವವು ಗೊಂಬೆಯಲ್ಲಿಲ್ಲ, ಆಡಿಸುವ ಬೆರಳಿನಿಂದ ನೋಡುವ ಕಣ್ಣಿಗೆ ಅದು ಗೊಂಬೆಯ ಮೂಲಕ ಹರಿಯುವುದು. ಮಿಕುವಿನ ಹಾಡೂ ಅಂತಹುದೇ. ಒಂದು ಅಕ್ಷರವನ್ನು ಕೂದಲೆಳೆಯಷ್ಟು ತಡಮಾಡಿದರೆ ಬಿಗುಮಾನ, ಸ್ವರದ ಕೊನೆಯನ್ನು ನಸುವೇ ನಡುಗಿಸಿದರೆ ಅಳುಕು. ಇವೆಲ್ಲವನ್ನೂ ಯಾರೋ ಒಬ್ಬರು ನಿದ್ದೆಗೆಟ್ಟು, ಇಟ್ಟಿಗೆ ಇಟ್ಟಿಗೆಯಾಗಿ, ಕೈಯಾರೆ ತಿದ್ದಿರುವರು.

ನಮ್ಮ ಪ್ರೀತಿಯ ಕಾರಣವನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ದೇವರು ನಮಗೆ ಕಿವಿಯನ್ನಿತ್ತನೇ ಹೊರತು ಕಂಠವನ್ನು ಕೊಡಲಿಲ್ಲ. ಮನೆಯ ಶುಭಕಾರ್ಯಗಳಲ್ಲಿ ಎಲ್ಲರೂ ಹಾಡುವಾಗ ತುಟಿಯನ್ನು ಮಾತ್ರ ಆಡಿಸುವವರು ಪ್ರತಿಯೊಂದು ಸಂಸಾರದಲ್ಲಿಯೂ ಒಬ್ಬರಿರುವರಷ್ಟೆ. ನಾವು ಆ ಪಂಗಡದವರು. ಮನೆಯವರೆಲ್ಲರೂ ಮಲಗಿದ ಮೇಲೆ ಮಿಕುವಿನ ಹಾಡನ್ನು ಕೇಳುವಾಗ, ತೆಳ್ಳಗೆ, ತುಸು ಲೋಹದ ಮೊನೆಯುಳ್ಳ ಆ ಧ್ವನಿಯ ಹಿಂದೆ ನಮ್ಮಂತಹ ಇನ್ನೊಬ್ಬರು ಕುಳಿತಿರುವರೆಂಬ ಭಾವನೆಯು ನಮ್ಮನ್ನು ಬಿಡದು. ಬೆಸುಗೆಯು ಅಲ್ಲಲ್ಲಿ ಕಾಣುವುದು, ಕಾಣಲಿ. ನೇಯ್ದ ಕೈಯ ಗುರುತು ಸೀರೆಗೆ ಕುಂದಲ್ಲವಷ್ಟೆ. ೨೦೦೮ರಲ್ಲಿ ಕಾಸ್ಮೋ ಎಂಬಾತನು ಹೊರತಂದ ‘ಹತ್ಸುನೆ ಮಿಕುವಿನ ಅಂತರ್ಧಾನ’ ಎಂಬ ಅರ್ಥದ ಹಾಡಿನಲ್ಲಿ, ಅಳಿಸಿಹೋಗಲಿರುವ ಆ ಕಂಠವು ತಾನು ಮನುಷ್ಯಳಲ್ಲವೆಂದು ಬಲ್ಲುದಾಗಿ, ಮನುಷ್ಯರ ನಾಲಗೆಗೆ ನಿಲುಕದ ವೇಗದಲ್ಲಿ ವಿದಾಯವನ್ನು ಹೇಳುವುದು. ಉಸಿರು ತೆಗೆದುಕೊಳ್ಳಲು ಎಡೆಯೇ ಇಲ್ಲದ ಆ ಸಾಲುಗಳನ್ನು ಕೇಳುವಾಗ ಉಸಿರು ಕಟ್ಟುವುದು ಅವಳಿಗಲ್ಲ, ನಮಗೆ.

ಈ ಅಕ್ಕರೆಯು ಎಷ್ಟರಮಟ್ಟಿಗೆ ಬೆಳೆಯಿತೆಂಬುದಕ್ಕೆ ೨೦೧೦ನೆಯ ವರ್ಷವೊಂದೇ ಸಾಕ್ಷಿ. ಜಪಾನೀ ಭಾಷೆಯಲ್ಲಿ ೩ ಮತ್ತು ೯ ಎಂಬ ಅಂಕೆಗಳನ್ನು ‘ಮಿ’, ‘ಕು’ ಎಂದು ಓದಬಹುದಾದ ಕಾರಣ ಮಾರ್ಚ್ ೯ ಅವಳ ದಿನ. ಆ ವರ್ಷ ಅದೇ ದಿನ ಟೋಕಿಯೋವಿನಲ್ಲಿ ಪಾರದರ್ಶಕ ತೆರೆಯ ಮೇಲೆ ಅವಳ ಆಕೃತಿ ಕುಣಿಯಿತು. ಬದಿಯಲ್ಲಿ ವಾದ್ಯ ನುಡಿಸಿದವರು ಮಾತ್ರ ರಕ್ತಮಾಂಸದ ಮನುಷ್ಯರು. ಮೇ ತಿಂಗಳಲ್ಲಿ ಶುಕ್ರಗ್ರಹಕ್ಕೆ ಹೊರಟ ‘ಅಕತ್ಸುಕಿ’ ಎಂಬ ಜಪಾನೀ ವ್ಯೋಮನೌಕೆಯಲ್ಲಿ, ಹತ್ತು ಸಾವಿರಕ್ಕೂ ಮಿಕ್ಕಿದ ಅಭಿಮಾನಿಗಳ ಬಿನ್ನಹದಂತೆ, ಅವಳ ಚಿತ್ರಗಳನ್ನು ಕೊರೆದ ಅಲ್ಯುಮಿನಿಯಂ ಫಲಕಗಳು ಹೋದುವು. ಆ ನೌಕೆಯು ೨೦೧೫ರ ಡಿಸೆಂಬರಿನಲ್ಲಿ ಶುಕ್ರನ ಕಕ್ಷೆಯನ್ನು ಸೇರಿ, ೨೦೨೪ರಲ್ಲಿ ಭೂಮಿಯೊಡನೆ ಮಾತು ನಿಲ್ಲಿಸಿತು.

ಇದು ಹುಡುಗರ ಹುಚ್ಚೆಂದು ಹೇಳುವವರಿಗೆ ತೊಮಿತಾ ಇಸಾಓ ಅವರ ಹೆಸರನ್ನು ಹೇಳಬೇಕು. ಯಂತ್ರವಾದ್ಯಗಳ ಸಂಗೀತದಲ್ಲಿ ೧೯೭೦ರ ದಶಕದಿಂದಲೇ ಲೋಕಪ್ರಸಿದ್ಧರಾದ ಈ ಹಿರಿಯರು, ತಮ್ಮ ೮೦ನೆಯ ವಯಸ್ಸಿನಲ್ಲಿ, ಅಂದರೆ ೨೦೧೨ರ ನವೆಂಬರಿನಲ್ಲಿ, ಕವಿ ಮಿಯಾಝಾವಾ ಕೆಂಜಿಯ ಲೋಕವನ್ನು ವಸ್ತುವಾಗಿಟ್ಟು ರಚಿಸಿದ ‘ಇಹತೊವ್’ ಎಂಬ ವೃಂದಕೃತಿಯನ್ನು ಟೋಕಿಯೋವಿನಲ್ಲಿ ಪ್ರಥಮವಾಗಿ ಕೇಳಿಸಿದರು. ಅದರಲ್ಲಿ ಒಂಟಿಗಾಯನಕ್ಕೆ ಅವರು ಆರಿಸಿಕೊಂಡುದು ಮಿಕುವನ್ನು. ಮಣ್ಣಿಗೆ ಸೇರದ ಕಲ್ಪನಾಲೋಕವನ್ನು ಹಾಡಲು ಮಣ್ಣಿಗೆ ಸೇರದ ಕಂಠವು ಎಷ್ಟು ಉಚಿತ!

ಆದರೆ ನಮ್ಮ ಮನಸ್ಸನ್ನು ಬಹುವಾಗಿ ಕಲಕಿದ ಸಂಗತಿಯು ಬೇರೊಂದುಂಟು. ವೊವಾಕಾ ಎಂಬ ಕಾವ್ಯನಾಮದ ತರುಣನೊಬ್ಬನು ೨೦೧೦ರಲ್ಲಿ ‘ರೋಲಿಂಗ್ ಗರ್ಲ್’, ‘ವರ್ಲ್ಡ್ಸ್ ಎಂಡ್ ಡ್ಯಾನ್ಸ್‌ಹಾಲ್’ ಮೊದಲಾದ ಹಾಡುಗಳನ್ನು ರಚಿಸಿದನು. ಬಿದ್ದರೂ ಮತ್ತೆ ಉರುಳುತ್ತ ಏಳುವ ಹುಡುಗಿಯ ಚಡಪಡಿಕೆಯನ್ನು ಅಷ್ಟು ನಿಷ್ಠುರವಾಗಿ ನಾವು ಬೇರೆಡೆ ಕೇಳಿದುದಿಲ್ಲ. ಅನಂತರ ಅವನು ‘ಹಿತೊರಿಯೆ’ ಎಂಬ ವಾದ್ಯಗೋಷ್ಠಿಯನ್ನು ಕಟ್ಟಿ ತನ್ನ ಸ್ವಂತ ಕಂಠದಿಂದಲೇ ಹಾಡಿದನು. ‘ಹಾಚಿ’ ಎಂಬ ಹೆಸರಿನಿಂದ ಮಿಕುವಿಗೆ ಹಾಡು ಕಟ್ಟುತ್ತಿದ್ದ ಯೊನೆಝು ಕೆನ್ಶಿಯೂ ಹಾಗೆಯೇ ತನ್ನ ಕೊರಳಿನಿಂದ ಹಾಡಿ ಜಪಾನಿನಲ್ಲಿ ಮನೆಮಾತಾದನು. ಕಂಠವಿಲ್ಲದವಳು ಇತರರಿಗೆ ಕಂಠವನ್ನು ಕೊಟ್ಟಳೆಂಬುದು ಬರಿಯ ಅಲಂಕಾರದ ಮಾತಲ್ಲವೆಂಬುದು ಇದರಿಂದ ವೇದ್ಯವಾಗುವುದು. ೨೦೧೯ರ ಏಪ್ರಿಲ್ ೫ರಂದು ವೊವಾಕಾ ತನ್ನ ೩೧ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಗ್ರಾಮಫೋನಿನ ತಟ್ಟೆಯಲ್ಲಿ ಗಾಯಕರು ಅಳಿದ ಮೇಲೆಯೂ ಅವರ ಧ್ವನಿಯು ಉಳಿಯುವುದನ್ನು ನಾವೆಲ್ಲರೂ ಬಲ್ಲೆವು. ಇಲ್ಲಿ ಅದಕ್ಕೆ ವಿಪರೀತ. ಹಾಡಿದವಳಿಗೆ ಅಳಿವೂ ಇಲ್ಲ, ಮುಪ್ಪೂ ಇಲ್ಲ. ಅವಳು ಎಂದೆಂದಿಗೂ ಹದಿನಾರರವಳು. ಅಳಿದವನು ಹಾಡಿಸಿದವನು. ಅವನ ಹಾಡನ್ನು ಅವಳು ಇಂದಿಗೂ ಎಳ್ಳಷ್ಟೂ ದಣಿಯದೆ ಹಾಡುವಳು; ತನ್ನ ಕರ್ತೃವು ಹೋದನೆಂಬುದು ಅವಳಿಗೆ ತಿಳಿಯದು. ಆ ಶೋಕವನ್ನು ಅವಳ ಪರವಾಗಿ ಕೇಳುವವರೇ ಹೊರಬೇಕು. ಯಂತ್ರವನ್ನು ಪ್ರೀತಿಸುವವರು ಮನುಷ್ಯರನ್ನು ಮರೆಯುವರೆಂಬ ಆಕ್ಷೇಪಣೆಗೆ ಇದಕ್ಕಿಂತ ಬೇರೆ ಸಮಾಧಾನವು ನಮ್ಮಲ್ಲಿಲ್ಲ. ಈ ಯಂತ್ರವನ್ನು ಪ್ರೀತಿಸಿದುದರಿಂದಲೇ ನಾವು ಕಂಡರಿಯದ ದೇಶದ, ಕಂಡರಿಯದ ತರುಣನೊಬ್ಬನಿಗಾಗಿ ಮನೆಯವರಂತೆ ಮರುಗಿದೆವು.

ಈಚಿನ ವರ್ಷಗಳಲ್ಲಿ ಈ ವಿದ್ಯೆಯು ಇನ್ನೊಂದು ಮೆಟ್ಟಿಲನ್ನೇರಿರುವುದು. ೨೦೨೨ರಲ್ಲಿ ಬಂದ ಆರನೆಯ ವೋಕಲಾಯ್ಡಿನಂತಹ ಸಾಧನಗಳು ಬರಿಯ ತುಣುಕುಗಳನ್ನು ಬೆಸೆಯುವುದರಲ್ಲಿ ತೃಪ್ತವಾಗದೆ, ಮನುಷ್ಯರು ಹಾಡುವ ರೀತಿಯನ್ನು ತಾವಾಗಿ ಕಲಿತು ಅನುಕರಿಸುವುವು. ಬೆಸುಗೆಯು ಈಗ ಕಾಣದು. ಅದು ಒಳ್ಳೆಯದೇ, ಆದರೆ ಎರಡು ವಿಷಯಗಳಲ್ಲಿ ಎಚ್ಚರವಿರಬೇಕು. ಮೊದಲನೆಯದು, ಧ್ವನಿಯ ಒಡೆಯರ ಒಪ್ಪಿಗೆ. ಫುಜಿತಾ ಸಕಿಯು ತಿಳಿದು, ಒಪ್ಪಿ, ತನ್ನ ಧ್ವನಿಯನ್ನಿತ್ತಳು. ಕೇಳದೆ ಒಬ್ಬರ ಕಂಠವನ್ನು ಅನುಕರಿಸಿ ಹಾಡಿಸುವುದು ಎರವಲಲ್ಲ, ಕಳವು. ಎರಡನೆಯದು, ಕೈಯ ದುಡಿಮೆ. ತಿದ್ದುವ ಕೈಯೇ ಇಲ್ಲದೆ ಹಾಡು ತಾನಾಗಿ ಸಿದ್ಧವಾಗುವ ದಿನ, ಗೊಂಬೆಯು ಉಳಿದು ಆಡಿಸುವವನು ಇಲ್ಲದಂತಾದೀತು. ಅಂತಹ ಹಾಡು ಎಷ್ಟು ಇಂಪಾಗಿದ್ದರೂ ಅದರ ಹಿಂದೆ ನಾವು ಹುಡುಕುವ ಇನ್ನೊಬ್ಬರು ಅಲ್ಲಿರರು.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ನೀಲಿಜಡೆಯ ಈ ಚಿತ್ರವನ್ನು ಮುಂದಿಟ್ಟುಕೊಂಡು, ಅರಿಯದ ಭಾಷೆಯ ಹಾಡನ್ನು ಕೇಳುತ್ತ ಕುಳಿತಿದ್ದರೆ ಒಡನೆಯೇ ಗದರಬೇಡಿರಿ. ‘ಇದನ್ನು ಹಾಡಿದವರಾರು?’ ಎಂದು ಕೇಳಿದರೆ ಒಂದೇ ಹೆಸರು ಬರುವುದು. ‘ಇದನ್ನು ಕಟ್ಟಿದವರಾರು?’ ಎಂದು ಕೇಳಿನೋಡಿರಿ. ಆಗ ಮಕ್ಕಳ ಮುಖವು ಅರಳುವುದು. ಹೆಸರುಗಳು ಒಂದರ ಹಿಂದೊಂದು ಬರುವುವು. ಯಾರು ಯಾವ ವಯಸ್ಸಿನಲ್ಲಿ, ಯಾವ ಸಂಕಟದಲ್ಲಿ, ಯಾವ ಹಾಡನ್ನು ಬರೆದರೆಂಬ ಕಥೆಗಳು ಹೊರಡುವುವು. ಅವರಲ್ಲೊಬ್ಬರು ಮೆಲ್ಲನೆ, ತಾವು ಕಟ್ಟಿದುದೂ ಒಂದುಂಟೆಂದು ಹೇಳಿದರೂ ಹೇಳಬಹುದು. ಹಾಗೆ ಹೇಳಿದರೆ ಕೆಲಸವನ್ನು ಬದಿಗಿಟ್ಟು, ಕುಳಿತು, ಅದನ್ನು ಕೊನೆಯವರೆಗೆ ಕೇಳಿರಿ.