ಮೈ ಬಿಸಿಯಾದ ಮಗುವನ್ನು ಶಾಲೆಗೆ ಕಳಿಸುವ ಮುನ್ನ...

2021ರ ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಿತ್ತು. ನಂಜನಗೂಡಿನ ನಮ್ಮ ಬೀದಿಯಲ್ಲಿ ಆ ವಾರವೆಲ್ಲ ಒಂದೇ ಮಾತು: ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 25ನೇ ತಾರೀಖಿನಿಂದ ಶಾಲೆ ಶುರು! ಒಂದೂವರೆ ವರ್ಷ ಮನೆಯಲ್ಲೇ ಕುಳಿತಿದ್ದ ಮಕ್ಕಳು. ಹಳೆಯ ಬೂಟು ಕಾಲಿಗೆ ಹಿಡಿಯದು, ಹಳೆಯ ಚಡ್ಡಿ ಸೊಂಟಕ್ಕೆ ಏರದು. ಹೊಸದನ್ನು ಹೊಲಿಸುವ ಗಡಿಬಿಡಿಯ ನಡುವೆ ಶಾಲೆಯಿಂದ ಒಂದು ಹಾಳೆ ಬಂತು. ಅದೇ ಒಪ್ಪಿಗೆ ಪತ್ರ. ತಂದೆಯೋ ತಾಯಿಯೋ ರುಜು ಹಾಕಿ ಕೊಟ್ಟರೆ ಮಾತ್ರ ಮಗುವಿಗೆ ತರಗತಿಯೊಳಗೆ ಪ್ರವೇಶ.

"ನೀನೇ ಹಾಕ್ಬಿಡು. ದಿನವೆಲ್ಲ ಅವನ ಜೊತೆ ಇರೋಳು ನೀನು ತಾನೆ?" ಎಂದರು ನಮ್ಮವರು. ಪೆನ್ನು ಹಿಡಿದು ಹತ್ತು ನಿಮಿಷ ಸುಮ್ಮನೆ ಕುಳಿತೆ. ಒಳಗಿನ ಕೋಣೆಯಲ್ಲಿ ಎಪ್ಪತ್ತೆರಡು ವರ್ಷದ, ಉಬ್ಬಸದಿಂದ ನರಳುವ ನಮ್ಮ ಅತ್ತೆ. ಹೊರಗೆ ಜಗಲಿಯ ಮೇಲೆ, ಓದು ಮರೆತು, ಮೂರರ ಮಗ್ಗಿಗೂ ತಡವರಿಸುವ ನಾಲ್ಕನೇ ತರಗತಿಯ ಮಗ. ಯಾರ ಮುಖ ನೋಡಿ ರುಜು ಹಾಕಲಿ? ಕೊನೆಗೆ ಹಾಕಿದೆ. ಹಾಕಿದ ಮೇಲೆ ನನ್ನ ಹೊಣೆ ಮುಗಿಯಿತು, ಇನ್ನೆಲ್ಲ ಶಾಲೆಯವರದು ಎಂದುಕೊಂಡೆ. ಆ ಎಣಿಕೆ ತಪ್ಪೆಂದು ತಿಳಿಯಲು ಮೂರೇ ವಾರ ಸಾಕಾಯಿತು.

ನಮ್ಮೂರು ಕಂಡ ಹೆದರಿಕೆ

ಕೊರೊನಾ ಎಂಬ ಹೆಸರು ಕೇಳಿದರೇ ನಂಜನಗೂಡಿನವರ ಎದೆ ಝಲ್ಲೆನ್ನುತ್ತಿದ್ದುದಕ್ಕೆ ಕಾರಣವಿತ್ತು. 2020ರ ಮಾರ್ಚ್ 26ರಂದು ಇಲ್ಲಿನ ಔಷಧ ಕಾರ್ಖಾನೆಯೊಂದರ ಉದ್ಯೋಗಿಗೆ ಸೋಂಕು ತಗುಲಿರುವುದು ಗೊತ್ತಾಯಿತು. ಮುಂದಿನ ವಾರಗಳಲ್ಲಿ ಅಲ್ಲಿನ ಕೆಲಸಗಾರರು, ಅವರ ಮನೆಯವರು, ಒಡನಾಟದವರು ಎಲ್ಲ ಸೇರಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಅದು ಹರಡಿತು. ಸಾವಿರಕ್ಕೂ ಹೆಚ್ಚು ಜನ ಕ್ವಾರಂಟೈನ್ ಆದರು. ನಂಜುಂಡೇಶ್ವರನ ಊರಿನ ಹೆಸರು ಬೆಳಗಾದರೆ ಟೀವಿಯಲ್ಲಿ! ದೊಡ್ಡ ಜಾತ್ರೆಯೂ ಆ ವರ್ಷ ನಡೆಯಲಿಲ್ಲ. ಮೇ ತಿಂಗಳ ಮಧ್ಯದ ಹೊತ್ತಿಗೆ ಸೋಂಕಿತರು ಗುಣವಾಗಿ ಮನೆ ಸೇರಿದ್ದೇ ಪುಣ್ಯ.

1898ರಲ್ಲಿ ಮೈಸೂರು ಸೀಮೆಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮ ಅತ್ತೆ ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದವರು. "ಆಗ ಮನೆ ಬಿಟ್ಟು ಹೋಗ್ತಿದ್ರಂತೆ, ಈಗ ಮನೆ ಬಿಟ್ಟು ಹೋಗಬೇಡಿ ಅಂತಾರೆ. ಒಟ್ಟಿನಲ್ಲಿ ಜನ ಜನಕ್ಕೆ ದೂರವಿದ್ದರೆ ಕ್ಷೇಮ, ಅಷ್ಟೆ" ಎನ್ನುತ್ತಿದ್ದರು. ಓದು ಬರೆಹ ಹೆಚ್ಚು ಇಲ್ಲದ ಅವರಿಗೆ ತಿಳಿದದ್ದು, ಡಿಗ್ರಿ ಓದಿದ ನನಗೆ ಸಮಯಕ್ಕೆ ಸರಿಯಾಗಿ ಹೊಳೆಯಲಿಲ್ಲ.

ನಾನು ಮಾಡಿದ್ದೇನು?

ನವೆಂಬರ್ ಮಧ್ಯದ ಒಂದು ಬೆಳಿಗ್ಗೆ. ಅಂದು ಮಗನಿಗೆ ಕಿರುಪರೀಕ್ಷೆ. ತಲೆ ಬಾಚುವಾಗ ಕೈಗೆ ಹಣೆ ಬಿಸಿಯಾಗಿ ತಾಕಿತು. "ಗಂಟಲು ಕೆರೀತಿದೆ ಅಮ್ಮ" ಎಂದ. ಒಂದೂವರೆ ವರ್ಷದ ನಂತರದ ಮೊದಲ ಪರೀಕ್ಷೆ, ತಪ್ಪಿಸುವುದು ಹೇಗೆ? ಏಳೂವರೆಗೆ ಪ್ಯಾರಾಸಿಟಮಾಲ್ ಸಿರಪ್ಪು ಕುಡಿಸಿದೆ. ಎಂಟೂವರೆಗೆ ಹಣೆ ತಣ್ಣಗಾಯಿತು. ಶಾಲೆಯ ಗೇಟಿನಲ್ಲಿ ಜ್ವರ ನೋಡುವ ಯಂತ್ರ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಟೀಚರ್ ಫೋನು ಮಾಡಿದರು. ಮಗ ಬೆಂಚಿನ ಮೇಲೆ ತಲೆ ಇಟ್ಟು ಮಲಗಿದ್ದನಂತೆ. ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಆ ತರಗತಿಗೆ ರಜೆ.

ಸಂಜೆ ಅವನ ಪಕ್ಕದಲ್ಲಿ ಕೂರುವ ಹುಡುಗನ ತಾಯಿ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ, ಗೇಟಿನ ಬಳಿಯೇ ನಿಂತರು. "ನಮ್ಮತ್ತೆಗೆ ಶುಗರ್ ಇದೆ ಅಂತ ನಿಮಗೆ ಗೊತ್ತಲ್ಲ ಅಕ್ಕಾ... ಬೆಳಿಗ್ಗೆನೇ ಜ್ವರ ಇತ್ತಾ ಇವನಿಗೆ?" ಎಂದರು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಇತ್ತು" ಎಂದೆ. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸುಮ್ಮನೆ ತಿರುಗಿ ಹೋದರು.

ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಕೊರೊನಾ ಅಲ್ಲ, ಮಾಮೂಲಿ ಜ್ವರ ಎಂದು ಗೊತ್ತಾಯಿತು. ಆದರೂ ಆ ಬೆಂಚಿನ ಇನ್ನಿಬ್ಬರು ಮಕ್ಕಳು ಮಲಗಿದರು, ನಮ್ಮ ಅತ್ತೆಗೆ ಎಂಟು ದಿನ ಉಬ್ಬಸ ಹೆಚ್ಚಿತು. ಯಾವ ಜ್ವರ ಎಂದು ಹಣೆ ಮುಟ್ಟಿ ಹೇಳಲು ಡಾಕ್ಟರಿಗೂ ಆಗದು; ಹಾಗಿರುವಾಗ ನಾನು ಯಾವ ಧೈರ್ಯದ ಮೇಲೆ ಕಳಿಸಿದೆ? ಸಿರಪ್ಪು ಕೆಲವು ಗಂಟೆ ಮೈ ಬಿಸಿಯನ್ನು ಇಳಿಸುತ್ತದೆಯೇ ಹೊರತು, ಒಬ್ಬರಿಂದ ಒಬ್ಬರಿಗೆ ಸೋಂಕು ಹೋಗುವುದನ್ನು ತಡೆಯುವುದಿಲ್ಲ.

ನರಸೀಪುರದ ಅಕ್ಕನ ಪಾಠ

ತಿರುಮಕೂಡಲು ನರಸೀಪುರದಲ್ಲಿ, ಕಪಿಲೆ ಕಾವೇರಿಯನ್ನು ಸೇರುವ ಸಂಗಮದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಅಕ್ಕನ ಮನೆ. ಫೋನಿನಲ್ಲಿ ಅವಳ ಬಳಿ ಅತ್ತೆ. "ಅತ್ತು ಏನು ಬಂತು? ನನ್ನ ಮಗಳ ಎಸ್ಸೆಸ್ಸೆಲ್ಸಿ ನೆನಪಿದೆಯಾ?" ಎಂದಳು ಅಕ್ಕ.

ಮರೆಯುವುದುಂಟೇ? 2020ರ ಮಾರ್ಚ್ 27ರಂದು ಶುರುವಾಗಬೇಕಿದ್ದ ಪರೀಕ್ಷೆ, ಜೂನ್ 25ಕ್ಕೆ ಶುರುವಾಯಿತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದರು. ಬಾಗಿಲಲ್ಲಿ ಜ್ವರ ತಪಾಸಣೆ, ಮುಖಕ್ಕೆ ಮಾಸ್ಕು, ದೂರ ದೂರ ಕೂರಿಸುವಿಕೆ, ಕೆಮ್ಮು-ಜ್ವರ ಇದ್ದವರಿಗೆ ಬೇರೆ ಕೋಣೆ. ಬರೆಯಲಾಗದವರಿಗೆ ಮುಂದಿನ ಪರೀಕ್ಷೆಯಲ್ಲಿ ಹೊಸಬರಂತೆ ಬರೆಯುವ ಅವಕಾಶ. "ಅಷ್ಟು ದೊಡ್ಡ ಪರೀಕ್ಷೆಗೇ ಜ್ವರ ಬಂದ ಮಗೂಗೆ ಇನ್ನೊಂದು ದಾರಿ ಇಟ್ಟಿದ್ದರು. ನಿನ್ನ ಮಗನ ಕಿರುಪರೀಕ್ಷೆ ಯಾವ ಲೆಕ್ಕ ಕಣೇ?" ಎಂದಳು. ಅಕ್ಕ ಆ ದಿನಗಳಲ್ಲಿ ರೂಢಿ ಮಾಡಿಕೊಂಡದ್ದನ್ನು ಇಂದೂ ಬಿಟ್ಟಿಲ್ಲ. ಅದಕ್ಕೆ ಅವಳಿಟ್ಟ ಹೆಸರು 'ಬೆಳಗಿನ ಐದು ನಿಮಿಷ'.

ಬೆಳಗಿನ ಐದು ನಿಮಿಷ

* ಮಗು ಎದ್ದ ಕೂಡಲೇ ಹಣೆ, ಕುತ್ತಿಗೆ ಮುಟ್ಟಿ ನೋಡಿ. ಅನುಮಾನ ಬಂದರೆ ಥರ್ಮಾಮೀಟರ್ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೆ ಅದು ಜ್ವರವೇ. ಔಷಧಿ ಕೊಡುವ ಮೊದಲೇ ನೋಡಬೇಕು, ಕೊಟ್ಟ ಮೇಲಲ್ಲ.

* "ಗಂಟಲು ನೋವಾ? ಹೊಟ್ಟೆ ಸರಿ ಇದೆಯಾ?" ಎಂದು ಕೇಳಿ. ಜ್ವರ, ಬಿಡದ ಕೆಮ್ಮು, ವಾಂತಿ, ಭೇದಿ—ಇವುಗಳಲ್ಲಿ ಯಾವುದಿದ್ದರೂ ಅಂದು ಶಾಲೆ ಬೇಡ.

* ಜ್ವರದ ಔಷಧಿ ಇಲ್ಲದೆಯೇ ಒಂದು ಪೂರ್ತಿ ದಿನ ಜ್ವರ ಬಾರದಿದ್ದರೆ, ಮಗು ಚುರುಕಾಗಿದ್ದರೆ, ಆಮೇಲೆ ಕಳಿಸಿ. ಪರೀಕ್ಷೆಯಲ್ಲಿ ಕೊರೊನಾ ಎಂದು ಬಂದಿದ್ದರೆ ಡಾಕ್ಟರು ಹೇಳುವವರೆಗೆ ಬೇಡ.

* ಸೋಂಕು ಹಬ್ಬಿರುವ ದಿನಗಳಲ್ಲಿ ಚೀಲದಲ್ಲಿ ಒಂದು ಮಾಸ್ಕು ಹೆಚ್ಚಾಗಿಯೇ ಇರಲಿ. ಬಟ್ಟೆಯದಾದರೆ ದಿನವೂ ಒಗೆದು ಬಿಸಿಲಿಗೆ ಹಾಕಿ. ಮೂಗು ಮುಚ್ಚದ ಮಾಸ್ಕು ಗಲ್ಲಕ್ಕೆ ಕಟ್ಟಿದ ತೋರಣವಷ್ಟೆ! ಐದು ವರ್ಷ ಮತ್ತು ಅದಕ್ಕೂ ಚಿಕ್ಕ ಮಕ್ಕಳಿಗೆ ಮಾಸ್ಕು ಬೇಡ.

* ನೀರಿನ ಬಾಟಲು ಮಗುವಿನದೇ ಇರಲಿ. ಹಂಚಿ ತಿನ್ನುವುದು ಒಳ್ಳೆಯ ಗುಣವೇ, ಆದರೆ ಸೋಂಕಿನ ದಿನಗಳಲ್ಲಿ ಎಂಜಲಾಗದ್ದನ್ನು ಮಾತ್ರ ಹಂಚಲಿ. ಸುಲಿಯದ ಬಾಳೆಹಣ್ಣು ಎರಡು ಇಟ್ಟರೆ ಗೆಳೆಯನಿಗೂ ಆಯಿತು.

* ಊಟಕ್ಕೆ ಮೊದಲು, ಶಾಲೆಯಿಂದ ಬಂದ ಮೇಲೆ ಸೋಪು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಕೈ ಉಜ್ಜಲಿ. ಮಗ್ಗಿ ಹೇಳುತ್ತಾ ಉಜ್ಜಿದರೆ ಎರಡು ಕೆಲಸ!

ಶಾಲೆಯವರನ್ನು ಕೇಳಬೇಕಾದದ್ದೂ ಒಂದಿದೆ. ಈ ಸೋಂಕು ಮುಖ್ಯವಾಗಿ ಉಸಿರಿನ ಮೂಲಕ, ಮುಚ್ಚಿದ ಕೋಣೆಯ ಗಾಳಿಯಲ್ಲಿ ಹರಡುತ್ತದೆ. ಬೆಂಚು ಒರೆಸುವುದಕ್ಕಿಂತ ಕಿಟಕಿ ತೆರೆಯುವುದು ಹೆಚ್ಚಿನ ರಕ್ಷಣೆ. ಎದುರುಬದುರು ಕಿಟಕಿಗಳು ತೆರೆದಿವೆಯೇ ಎಂದು ಪೋಷಕರ ಸಭೆಯಲ್ಲಿ ವಿನಯದಿಂದಲೇ ಕೇಳಿ.

ಕೂಲಿಗೆ ಹೋಗುವ ತಾಯಿ ಏನು ಮಾಡಬೇಕು?

ಇದನ್ನೆಲ್ಲ ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಹೇಳಿದಾಗ ಆಕೆ ನಕ್ಕಳು. "ನೀವು ಮನೇಲಿರ್ತೀರ ಕಣಮ್ಮ. ನಾನು ಮಗೂನ ಯಾರ ತಾವ ಬುಟ್ಟು ಬರ್ಲಿ? ಇಸ್ಕೂಲಿಗೆ ಹೋದ್ರೆ ಮಧ್ಯಾಹ್ನದ ಊಟನಾದ್ರೂ ಆಯ್ತದೆ" ಎಂದಳು. ನನ್ನ ಬಾಯಿ ಕಟ್ಟಿತು. ಜ್ವರದ ಮಗುವನ್ನು ಶಾಲೆಗೆ ಕಳಿಸುವ ತಾಯಂದಿರೆಲ್ಲ ತಿಳಿಯದವರೇನಲ್ಲ, ಎಷ್ಟೋ ಜನಕ್ಕೆ ಬೇರೆ ದಾರಿಯೇ ಇಲ್ಲ.

ಇದಕ್ಕೂ ಅಕ್ಕನ ಬೀದಿಯವರು ಒಂದು ಉಪಾಯ ಕಂಡುಕೊಂಡಿದ್ದರು. ಆರು ಮನೆಯ ಹೆಂಗಸರು ಮಾತನಾಡಿಕೊಂಡರು. ಯಾರ ಮಗುವಿಗೆ ಜ್ವರ ಬಂದರೂ, ತಾಯಿ ಕೆಲಸಕ್ಕೆ ಹೋಗಲೇಬೇಕಾದರೆ, ಮನೆಯಲ್ಲಿರುವವರೊಬ್ಬರು ಮಾಸ್ಕು ಹಾಕಿಕೊಂಡು, ಆ ಮಗುವನ್ನು ಗಾಳಿ ಆಡುವ ಜಗಲಿಯಲ್ಲಿ ಮಲಗಿಸಿ ನೋಡಿಕೊಳ್ಳುವುದು. ಗಂಜಿ, ಸಾರು ಕೊಡುವುದು. ವಯಸ್ಸಾದವರು, ಬಸುರಿಯರು ಇರುವ ಮನೆಗೆ ಈ ಸರದಿ ಇಲ್ಲ. ಅದೇ ತರಗತಿಯ ಇನ್ನೊಂದು ಮಗು ಸಂಜೆ ಪಾಠದ ಟಿಪ್ಪಣಿ ತಂದು ಕೊಡುವುದು. ಖರ್ಚು ಒಂದು ಪಾವು ಅಕ್ಕಿಯದು, ಉಳಿಯುವುದು ಒಂದು ತರಗತಿಯ ಆರೋಗ್ಯ.

ಡಾಕ್ಟರ ಬಳಿಗೆ ಯಾವಾಗ?

ಮಕ್ಕಳಲ್ಲಿ ಬಹುಪಾಲು ಈ ಜ್ವರ ವಿಶ್ರಾಂತಿ, ನೀರು, ಹಗುರ ಊಟದಲ್ಲೇ ಇಳಿಯುತ್ತದೆ. ಆದರೆ ಉಸಿರು ವೇಗವಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದುಕೊಂಡರೆ, ತುಟಿ ನೀಲಿಯಾದರೆ, ಮಗು ನೀರನ್ನೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಮೂರು ದಿನ ಕಳೆದರೂ ಜ್ವರ ಬಿಡದಿದ್ದರೆ ತೋರಿಸಲೇಬೇಕು. ಜ್ವರಕ್ಕೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಕಷಾಯ ಗಂಟಲಿಗೆ ಹಿತ, ಅಷ್ಟೆ. ಅದನ್ನೇ ಮದ್ದೆಂದು ನಂಬಿ ಕೂರಬೇಡಿ. ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಹಿಡಿಸುವುದಂತೂ ಬೇಡವೇ ಬೇಡ, ಸುಟ್ಟ ಗಾಯವಾದೀತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಆದರೆ 2025ರ ಮೇ ಕೊನೆಯಲ್ಲಿ, ಸೋಂಕು ಮತ್ತೆ ಸ್ವಲ್ಪ ತಲೆ ಎತ್ತಿದಾಗ, ಶಾಲೆಗಳು ತೆರೆಯುವ ಹೊತ್ತಿಗೆ ನಮ್ಮ ರಾಜ್ಯ ಸರ್ಕಾರ ಹೊರಡಿಸಿದ ಸುತ್ತೋಲೆಯ ತಿರುಳು ಇದೇ: ಜ್ವರ, ಕೆಮ್ಮು, ನೆಗಡಿ ಇರುವ ಮಗುವನ್ನು ಶಾಲೆಗೆ ಕಳಿಸಬೇಡಿ.

ಆ ಒಪ್ಪಿಗೆ ಪತ್ರ ಈಗ ಯಾರೂ ಕೇಳುವುದಿಲ್ಲ. ಆದರೆ ಸೋದರಿಯರೇ, ಪ್ರತಿ ಬೆಳಿಗ್ಗೆ ಮಗುವಿನ ಹಣೆ ಮುಟ್ಟಿ ಬಾಗಿಲು ದಾಟಿಸುವಾಗ ನಾವು ಹಾಕುವುದೂ ಒಂದು ರುಜುವೇ. ಅದು ನಮ್ಮ ಮಗುವಿಗೆ ಮಾತ್ರವಲ್ಲ, ಪಕ್ಕದ ಹುಡುಗನ ಮನೆಯಲ್ಲಿರುವ ಅಜ್ಜಿಗೂ ಸೇರಿದ್ದು. ಅಂದು ಗೇಟಿನಲ್ಲಿ ನಿಂತು ಹೋದ ಆಕೆ ಈಗ ನಮ್ಮ ಮನೆಯೊಳಗೆ ಬಂದು ಕಾಫಿ ಕುಡಿಯುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಮಗನಿಗೆ ಜ್ವರ ಬಂದಾಗ, ನಾನು ಕೇಳುವ ಮೊದಲೇ ಟಿಪ್ಪಣಿ ಕಳಿಸಿಕೊಟ್ಟವರೂ ಅವರೇ.

ಜ್ವರ ಬಿಟ್ಟ ಮಗುವಿಗೆ ಮೆಣಸು-ಜೀರಿಗೆ ಸಾರು

ಬೇಕಾಗುವ ಸಾಮಾನು: ತೊಗರಿಬೇಳೆ 2 ಟೇಬಲ್ ಚಮಚ, ಕಾಳುಮೆಣಸು 6, ಜೀರಿಗೆ 1 ಟೀ ಚಮಚ, ಹುಣಿಸೆಹಣ್ಣು ಗೋಲಿಯಷ್ಟು, ಅರಿಶಿನ ಚಿಟಿಕೆ, ಕರಿಬೇವು, ತುಪ್ಪ 1 ಟೀ ಚಮಚ, ಸಾಸಿವೆ, ರುಚಿಗೆ ಉಪ್ಪು.

ಮಾಡುವ ವಿಧಾನ: ಬೇಳೆಯನ್ನು ಅರಿಶಿನ ಹಾಕಿ ಮೆತ್ತಗೆ ಬೇಯಿಸಿ ಕಡೆಯಿರಿ. ಮೆಣಸು, ಜೀರಿಗೆಯನ್ನು ಸ್ವಲ್ಪ ಬೆಚ್ಚಗೆ ಹುರಿದು ಕುಟ್ಟಿ. ಹುಣಿಸೆ ರಸಕ್ಕೆ ಎರಡು ಲೋಟ ನೀರು, ಉಪ್ಪು ಸೇರಿಸಿ ಹಸಿ ವಾಸನೆ ಹೋಗುವವರೆಗೆ ಕುದಿಸಿ. ಬೇಳೆ ಕಟ್ಟು, ಕುಟ್ಟಿದ ಪುಡಿ ಹಾಕಿ ಒಂದು ಕುದಿ ಬಂದೊಡನೆ ಇಳಿಸಿ. ತುಪ್ಪದಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಮೆತ್ತಗಿನ ಅನ್ನಕ್ಕೆ ಕಲೆಸಿ, ಬೆಚ್ಚಗಿರುವಾಗಲೇ ತಿನ್ನಿಸಿ. ಬಾಯಿ ಕೆಟ್ಟ ಮಗುವೂ ಎರಡು ತುತ್ತು ಹೆಚ್ಚಾಗಿಯೇ ತಿಂದೀತು.