ಕಂಪ್ಯೂಟರ್ ‘ಡ್ರಾ’ ಅಂದ ಆಟವನ್ನು ಡಿಂಗ್ ಬೇಕಂತಲೇ ಸೋತರೇ?

“ಕಂಪ್ಯೂಟರೇ ಡ್ರಾ ಅಂತ ತೋರಿಸುತ್ತಿತ್ತು, ಆದರೂ ಸೋತ ಅಂದ್ರೆ ಏನರ್ಥ?” 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಇಂಥ ಮಾತು ಹರಿದಾಡಿತು. ರಷ್ಯಾ ಚೆಸ್ ಫೆಡರೇಶನ್ ಅಧ್ಯಕ್ಷ ಆಂಡ್ರೇ ಫಿಲಾಟೊವ್ ತನಿಖೆಗೇ ಒತ್ತಾಯಿಸಿದ್ದರು.

ಆ ಸೊನ್ನೆಯ ಅರ್ಥ ಬೇರೆ. ಇಬ್ಬರೂ ಕೊನೆಯವರೆಗೂ ಸರಿಯಾದ ನಡೆಗಳನ್ನೇ ಆಡಿದರೆ ಆಟ ಸಮ, ಅಷ್ಟೆ. ಆ ನಡೆ ಹುಡುಕುವುದು ದಣಿದ ಮನುಷ್ಯನಿಗೆ ಎಷ್ಟು ಕಷ್ಟ ಅನ್ನುವುದು ಅದರಲ್ಲಿಲ್ಲ. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿತ್ತು. ಡಿಂಗ್ ಗಂಟೆಗಟ್ಟಲೆ ತಡೆದು ನಿಂತಿದ್ದರು. 55ನೇ ನಡೆಯಲ್ಲಿ ಆನೆಯನ್ನು ಎಫ್2 ಮನೆಗೆ ತಂದು ವಿನಿಮಯಕ್ಕೆ ಒಡ್ಡಿದರು. ಅವರ ಬಿಷಪ್ ಮೂಲೆಯ ಎ8 ಮನೆಯಲ್ಲಿತ್ತು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಬಿಷಪ್ಪನ್ನು ಅದರೆದುರು ಡಿ5ಕ್ಕೆ ತಂದು ನಿಲ್ಲಿಸಿದರು. ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಬಿಷಪ್ಪುಗಳೂ ಹೋದವು. ರಾಜ, ಕಾಲಾಳು ಮಾತ್ರ ಉಳಿದ ಆಟದಲ್ಲಿ ಆ ಒಂದು ಹೆಚ್ಚಿನ ಕಾಲಾಳೇ ಗೆಲುವಾಯಿತು. 58 ನಡೆಗೆ ಎಲ್ಲ ಮುಗಿಯಿತು. ಸುಸ್ತಾದಾಗ ಆಗುವ ತಪ್ಪಿದು. ಸಂಚಿಗೆ ಪುರಾವೆ ಅಲ್ಲ.

ಅಂಕಿ ಎಲ್ಲಿಂದ ಬರುತ್ತದೆ? ಸ್ಟಾಕ್‌ಫಿಶ್‌ನಂಥ ಪ್ರೋಗ್ರಾಮ್ ಮುಂದಿನ ಲಕ್ಷಾಂತರ ಸ್ಥಿತಿಗಳನ್ನು ತಡಕಾಡಿ ಹಾಕುವ ಅಂದಾಜು ಅದು. 2022ರ ಕೊನೆಯಿಂದ ಅದರಲ್ಲಿ +1.00 ಅಂದರೆ, ತನ್ನ ವಿರುದ್ಧ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ ಸುಮಾರು ಅರ್ಧ. ಅಂದಾಜು ಎಡವುವುದೂ ಉಂಟು. ಬಿಳಿಯ ಬಳಿ ಒಂದು ಬಿಷಪ್ ಮತ್ತು ಅಂಚಿನ ಸಾಲಿನ ಕಾಲಾಳು, ಕಪ್ಪಿನ ಬಳಿ ಬರೀ ರಾಜ ಅಂದುಕೊಳ್ಳಿ. ಕಾಯಿ ಎಣಿಸುವ ಹಳೆಯ ಪ್ರೋಗ್ರಾಮಿಗೆ ಬಿಳಿ ಗೆದ್ದಂತೆಯೇ. ಆದರೆ ಕಾಲಾಳು ಮುಟ್ಟಬೇಕಾದ ಮೂಲೆ ಮನೆಯ ಬಣ್ಣ ಬಿಷಪ್ ಓಡಾಡುವ ಬಣ್ಣವಲ್ಲದಿದ್ದು, ಕಪ್ಪು ರಾಜ ಆ ಮೂಲೆ ಸೇರಿಬಿಟ್ಟರೆ ಅವನನ್ನು ಎಬ್ಬಿಸಲು ಆಗುವುದೇ ಇಲ್ಲ. ಅಪ್ಪಟ ಡ್ರಾ.

ಅಂದಾಜಲ್ಲದ ಖಚಿತ ಉತ್ತರವೂ ಇದೆ, ಆದರೆ ರಾಜರೂ ಸೇರಿ ಹಲಗೆಯಲ್ಲಿ 7 ಅಥವಾ ಕಡಿಮೆ ಕಾಯಿ ಉಳಿದಾಗ ಮಾತ್ರ. ಚೆಕ್‌ಮೇಟ್‌ನಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ಪ್ರತಿ ಸ್ಥಿತಿಯ ಫಲಿತಾಂಶ ಬರೆದಿಟ್ಟ ಈ ಕೋಷ್ಟಕವೇ ‘ಟೇಬಲ್‌ಬೇಸ್’. 7 ಕಾಯಿಗಳ ‘ಸಿಝಿಜಿ’ ಕೋಷ್ಟಕ 16 ಟೆರಾಬೈಟಿಗೂ ದೊಡ್ಡದು, ನಮ್ಮ ಫೋನಿಗೆ ಹಿಡಿಸುವುದಲ್ಲ. ದೊಡ್ಮನೆ ಕಡೆ ನೆಟ್‌ವರ್ಕ್ ಹೋದಾಗಲೂ ಆ್ಯಪ್ ಅಂಕಿ ತೋರಿಸುತ್ತದಲ್ಲ, ಅದು ಬರೀ ಅಂದಾಜು. ನೆಟ್‌ವರ್ಕ್ ಬಂದಾಗ ಲಿಚೆಸ್‌ನ ವಿಶ್ಲೇಷಣೆ ಹಲಗೆಯಲ್ಲಿ 7 ಕಾಯಿ ಜೋಡಿಸಿ ನೋಡಿ: ಅಂಕಿಯ ಬದಲು ಪ್ರತಿ ನಡೆಯ ಮುಂದೆ ಗೆಲುವು, ಡ್ರಾ, ಸೋಲು ಎಂದೇ ಬರುತ್ತದೆ.